ನೆಟ್‌ವರ್ಕ್ ಇಲ್ಲದ ಶಾಲೆಯಲ್ಲಿ ವಿದ್ಯುತ್ ಪಾಠಕ್ಕೆ ಕಂಪ್ಯೂಟರ್ ಹೇಗೆ ಬಳಸುತ್ತೀರಿ?

ಘಟ್ಟದ ಮೇಷ್ಟರು, ಶಿರಸಿ
ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮಲ್ಲಿ ಆರು ಹಳೆಯ ಕಂಪ್ಯೂಟರ್, ಒಂದು ಪ್ರೊಜೆಕ್ಟರ್ ಇವೆ. ನೆಟ್‌ವರ್ಕ್ ಬೇಕೆಂದರೆ ಮೈದಾನದಾಚೆಯ ಧರೆ ಹತ್ತಬೇಕು. ಜಡಿಮಳೆ ಹಿಡಿದರೆ ಕರೆಂಟ್ ಯಾವಾಗ ಬರುತ್ತದೆಂದು ಲೈನ್‌ಮನ್‌ಗೂ ತಿಳಿಯದು. ಹತ್ತನೇ ತರಗತಿಗೆ ವಿದ್ಯುಚ್ಛಕ್ತಿ ಪಾಠ ಶುರುಮಾಡಬೇಕು. ಪುಸ್ತಕದ ಕ್ಯೂಆರ್ ಕೋಡ್ ಹಿಡಿದು ಸರ್ಕಾರದ ಕಲಿಕಾ ತಾಣ ದೀಕ್ಷಾದ ವಿಡಿಯೊಗಳನ್ನು ಪೇಟೆಯಲ್ಲಿ ಇಳಿಸಿಕೊಂಡು ತರುತ್ತೇನೆ. ಆದರೆ ಪರದೆ ಬೆಳಗಿದೊಡನೆ ಮಕ್ಕಳು ಆಟ ನೋಡಲು ಬಂದವರಂತೆ ಕುಳಿತುಬಿಡುತ್ತಾರೆ. ಯಕ್ಷಗಾನದಲ್ಲಾದರೂ ನಡುವೆ ಯಾರಾದರೂ ಒಬ್ಬ ಶಿಳ್ಳೆ ಹೊಡೆಯುತ್ತಾನೆ, ಇಲ್ಲಿ ಅದೂ ಇಲ್ಲ. ಮಕ್ಕಳ ಕೈಗೆ ಕೆಲಸ ಕೊಡುವಂಥದ್ದು, ಕನ್ನಡದಲ್ಲಿರುವುದು, ಇಂಟರ್ನೆಟ್ ಬೇಡದ್ದು ಏನಾದರೂ ಇದೆಯೇ?

ಕುಮಟಾ ಟೀಚರ್
ಸರ್, ಫೆಟ್ (PhET) ನೋಡಿ, ಪರದೆಯ ಮೇಲೆಯೇ ಪ್ರಯೋಗ ಮಾಡಿ ನೋಡುವ ಸಿಮ್ಯುಲೇಶನ್‌ಗಳ ತಾಣ. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಆರಂಭಿಸಿದ್ದು, ಉಚಿತ. ಅನೇಕ ಸಿಮ್ಯುಲೇಶನ್‌ಗಳು ಕನ್ನಡದಲ್ಲಿವೆ. ಅವುಗಳ ಎಚ್‌ಟಿಎಂಎಲ್5 ಕಡತವನ್ನು (ವೆಬ್‌ಪುಟದ ರೂಪದ ಫೈಲ್) ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಂದರೆ ಬ್ರೌಸರ್‌ನಲ್ಲೇ ತೆರೆಯುತ್ತದೆ. ಬ್ರೌಸರ್ ತೀರಾ ಹಳೆಯದಾದರೆ ತೆರೆಯುವುದಿಲ್ಲ, ಅದೊಂದನ್ನು ಮೊದಲೇ ನೋಡಿಕೊಳ್ಳಿ.

ಅದರಲ್ಲಿ ಡಿಸಿ (ಬ್ಯಾಟರಿಯ ಕರೆಂಟ್) ಸರ್ಕ್ಯೂಟ್ ಜೋಡಿಸುವ ಕಿಟ್ ತೆರೆದು, ಮೂವರಿಗೊಂದು ಕಂಪ್ಯೂಟರ್ ಕೊಟ್ಟು, "ಬಲ್ಬ್ ಉರಿಸಿ" ಎಂದಷ್ಟೇ ಹೇಳಿ ಸುಮ್ಮನಿರಿ. ಯಾರಾದರೊಬ್ಬರು ಬ್ಯಾಟರಿಯ ಎರಡೂ ತುದಿಗೆ ನೇರ ತಂತಿ ಕೊಟ್ಟೇ ಕೊಡುತ್ತಾರೆ. ಪರದೆಯಲ್ಲಿ ಬೆಂಕಿ ಏಳುತ್ತದೆ, ತರಗತಿಯಲ್ಲಿ ಗದ್ದಲ. ಶಾರ್ಟ್ ಸರ್ಕ್ಯೂಟ್ ಪಾಠ ಅಲ್ಲಿಂದಲೇ ಶುರು!

ಕಾಳಿತೀರ, ಕಾರವಾರ
ಎರಡು ಸೆಲ್, ಒಂದು ಟಾರ್ಚ್ ಬಲ್ಬ್, ಒಂದಿಷ್ಟು ತಂತಿಯಿಂದ ಆಗುವ ಕೆಲಸಕ್ಕೆ ಕಂಪ್ಯೂಟರ್ ಏಕೆ? ಪರದೆಯ ತಂತಿ ಎಂದೂ ಸಡಿಲವಾಗುವುದಿಲ್ಲ. ನಮ್ಮ ಉಪ್ಪುಗಾಳಿಗೆ ಲ್ಯಾಬಿನ ಕ್ಲಿಪ್‌ಗಳಿಗೆಲ್ಲ ಹಸಿರು ಕಿಲುಬು. ಹುಡುಗರು ಪಾಲಿಶ್ ಪೇಪರ್ ಹಾಕಿ ಉಜ್ಜಿದ ಮೇಲೆಯೇ ಬಲ್ಬ್ ಉರಿಯುತ್ತದೆ. ರೋಧ, ಅಂದರೆ ಕರೆಂಟಿಗೆ ಆಗುವ ತಡೆ, ಎಂದರೇನೆಂದು ಆಮೇಲೆ ಬೇರೆ ವಿವರಿಸಬೇಕಾಗಿಲ್ಲ.

ಕುಮಟಾ ಟೀಚರ್
ಒಪ್ಪಿದೆ ಸರ್, ಕಿಲುಬು ಫೆಟ್‌ನಲ್ಲಿ ಸಿಗುವುದಿಲ್ಲ. ಆದರೆ ಸರಣಿಯಲ್ಲಿ, ಅಂದರೆ ಒಂದರ ಹಿಂದೊಂದು, ಎರಡು ಬಲ್ಬ್ ಇಟ್ಟರೆ ಮೊದಲನೆಯದು ಕರೆಂಟನ್ನು ತಿಂದುಹಾಕುತ್ತದೆ, ಎರಡನೆಯದಕ್ಕೆ ಉಳಿದದ್ದು ಬರುತ್ತದೆ ಎಂದು ಅರ್ಧ ತರಗತಿ ನಂಬಿರುತ್ತದೆ. ನಿಜವಾದ ತಂತಿಯೊಳಗೆ ಏನು ನಡೆಯುತ್ತದೆಂದು ಯಾರಿಗೆ ಕಾಣುತ್ತದೆ? ಫೆಟ್‌ನಲ್ಲಿ ಎಲೆಕ್ಟ್ರಾನ್‌ಗಳು ಎಲ್ಲ ಕಡೆಯೂ ಒಂದೇ ವೇಗದಲ್ಲಿ ಸಾಗುವುದು ಕಾಣುತ್ತದೆ. ಬಲ್ಬ್‌ನ ಆಚೆಗೂ ಈಚೆಗೂ ಕರೆಂಟ್ ಅಳೆಯುವ ಅಮ್ಮೀಟರ್ ಇಟ್ಟರೆ ತೋರಿಸುವ ಅಂಕಿ ಒಂದೇ. ಆದರೆ ಇಡುವ ಮೊದಲು ಊಹೆಯನ್ನು ನೋಟ್‌ಬುಕ್‌ನಲ್ಲಿ ಬರೆಸಿ. ಇಲ್ಲವಾದರೆ ಉತ್ತರ ಕಂಡ ಮೇಲೆ ಎಲ್ಲರೂ "ನನಗೆ ಗೊತ್ತಿತ್ತು" ಎನ್ನುತ್ತಾರೆ.

ಸಿದ್ದಾಪುರದವ
ಮಳೆಗಾಲದಲ್ಲಿ ಕಂಪ್ಯೂಟರ್‌ಗಳನ್ನು ಮುಚ್ಚಿಟ್ಟು ಬಿಡಬೇಡಿ. ಕರೆಂಟ್ ಇದ್ದಾಗ ದಿನಾ ಸ್ವಲ್ಪ ಹೊತ್ತು ಓಡಿಸಿ, ಆ ಬಿಸಿಗೇ ಒಳಗಿನ ತೇವ ಆರುತ್ತದೆ. ಸಿಡಿಲಿನ ಹೊತ್ತಿಗೆ ಪ್ಲಗ್ ಕಿತ್ತಿಡಿ, ಸ್ವಿಚ್ ಆರಿಸಿದರೆ ಸಾಲದು.

ಘಟ್ಟದ ಮೇಷ್ಟರು, ಶಿರಸಿ
ಇಬ್ಬರ ಮಾತೂ ಹಿಡಿಸಿತು. ಮೂರು ಯಂತ್ರಗಳಲ್ಲಿ ಫೆಟ್, ಪಕ್ಕದ ಮೇಜಿನಲ್ಲಿ ಸೆಲ್ ಮತ್ತು ತಂತಿ ಇಡುತ್ತೇನೆ, ಗುಂಪುಗಳು ಅದಲುಬದಲಾಗಲಿ. ಟೀಚರ್, ಸಮಾಂತರ ಜೋಡಣೆಗೂ ಅದೇ ಕಡತ ಸಾಕೇ, ಬೇರೆ ಇಳಿಸಬೇಕೇ?

ಕುಮಟಾ ಟೀಚರ್
ಅದೇ ಸಾಕು ಸರ್.