ಹೊಸ ಬ್ಯಾಟರಿ ಹಾಕಿದರೂ ಸೆಲ್ಫ್ ‘ಟಕ್ ಟಕ್’ ಅನ್ನುತ್ತದೆ, ಕಾರ್ ಸ್ಟಾರ್ಟ್ ಆಗುತ್ತಿಲ್ಲ

ಪ್ರಶ್ನೆ: ಮರವಂತೆಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮದು 2013ರ ಆಲ್ಟೊ 800, ಪೆಟ್ರೋಲ್. ಕೀ ತಿರುಗಿಸಿದರೆ ಬಾನೆಟ್ ಒಳಗಿಂದ ಟಕ್ ಟಕ್ ಟಕ್ ಎಂದು ಸದ್ದು ಬರುತ್ತದೆ. ಇಂಜಿನ್ ಸುತ್ತುವುದೇ ಇಲ್ಲ.

ಮೊದಲ ಸಲ ಹೀಗಾಗಿದ್ದು ಮಳೆ ಶುರುವಾದ ವಾರ. ಬ್ಯಾಟರಿಗೆ ನಾಲ್ಕು ವರ್ಷ ಆಗಿತ್ತು. ಗ್ಯಾರೇಜಿನವರು ಬ್ಯಾಟರಿ ಹೋಗಿದೆ ಅಂದರು, ಹೊಸದು ಹಾಕಿಸಿದೆವು. ಮೂರು ವಾರ ಚೆನ್ನಾಗಿತ್ತು. ಆಮೇಲೆ ಮತ್ತೆ ಅದೇ ಕಥೆ. ಈಗ ಇಂಜಿನ್ ಸುತ್ತಿಸುವ ಸೆಲ್ಫ್ ಮೋಟರ್ ಬದಲಿಸಬೇಕು, ಆರು ಸಾವಿರ ಆಗುತ್ತದೆ ಎನ್ನುತ್ತಿದ್ದಾರೆ.

ಇಳಿಜಾರಿನಲ್ಲಿ ತಳ್ಳಿ ಸೆಕೆಂಡ್ ಗೇರಲ್ಲಿ ಕ್ಲಚ್ ಬಿಟ್ಟರೆ ತಕ್ಷಣ ಸ್ಟಾರ್ಟ್ ಆಗುತ್ತದೆ. ಪಕ್ಕದ ಮನೆಯವರ ಕಾರಿನ ಬ್ಯಾಟರಿಯಿಂದ ಜಂಪರ್ ಕೇಬಲ್ ಹಾಕಿ ಕರೆಂಟು ಕೊಟ್ಟು ನೋಡಿದೆವು. ಒಂದು ದಿನ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಮರುದಿನ ಅದೇ ಕೇಬಲ್, ಅದೇ ಕಾರು, ಆದರೆ ಆಗಲಿಲ್ಲ. ಇದು ನನಗೆ ಅರ್ಥವೇ ಆಗುತ್ತಿಲ್ಲ.

ಕ್ಲಚ್ ಕೂಡ ಈಚೆಗೆ ಸ್ವಲ್ಪ ಗಟ್ಟಿಯಾಗಿದೆ. ಅದು ಬೇರೆ ಸಮಸ್ಯೆ ಇರಬೇಕು. ಅಮ್ಮನನ್ನು ಪ್ರತಿ ಗುರುವಾರ ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕು. ಅರ್ಧ ದಾರಿಯಲ್ಲಿ ನಿಲ್ಲಿಸಿ ಮತ್ತೆ ಸ್ಟಾರ್ಟ್ ಆಗದಿದ್ದರೆ ಏನು ಗತಿ ಎಂಬ ಹೆದರಿಕೆ. ಸೆಲ್ಫ್ ಬದಲಿಸುವುದೇ ಸರಿಯಾ? ದಯವಿಟ್ಟು ತಿಳಿದವರು ಹೇಳಿ.

ಉತ್ತರ: ದಾವಣಗೆರೆಯಿಂದ

ಮೇಡಂ, ನನ್ನ ಕಾರಿಗೂ ಮಳೆಗಾಲದಲ್ಲಿ ಸ್ಟಾರ್ಟಿಂಗ್ ತೊಂದರೆ ಬಂದಿತ್ತು. ಪೆಟ್ರೋಲ್ ಪಂಪ್ ಬದಲಿಸಿದ ಮೇಲೆ ಸರಿಹೋಯಿತು. ಟ್ಯಾಂಕಿಗೆ ನೀರು ಸೇರಿದೆಯಾ ಎಂದೂ ನೋಡಿಸಿ.

ಉತ್ತರ: ಹಾಸನದಿಂದ

ದಾವಣಗೆರೆಯ ಸರ್, ನಿಮ್ಮ ಅನುಭವ ನಿಜವೇ. ಆದರೆ ಇಲ್ಲಿ ಪಂಪಿನ ಪ್ರಶ್ನೆ ಬರುವುದಿಲ್ಲ. ಸೆಲ್ಫ್ ಇಂಜಿನ್ನನ್ನು ಚೆನ್ನಾಗಿ ಸುತ್ತಿಸಿಯೂ ಅದು ಹಿಡಿಯದಿದ್ದರೆ ಪೆಟ್ರೋಲು, ಸ್ಪಾರ್ಕ್ ಎಂದು ನೋಡಬೇಕು. ಇವರದ್ದು ಸುತ್ತುವುದೇ ಇಲ್ಲ. ತಳ್ಳಿದರೆ ತಕ್ಷಣ ಹಿಡಿಯುತ್ತದೆ. ಅಂದರೆ ಪೆಟ್ರೋಲೂ ಸರಿ, ಸ್ಪಾರ್ಕೂ ಸರಿ. ತೊಂದರೆ ಬ್ಯಾಟರಿಯಿಂದ ಸೆಲ್ಫ್‌ವರೆಗೆ ಹೋಗಿ ಬರುವ ದಾರಿಯಲ್ಲೇ ಇದೆ.

ಮೇಡಂ, ನಾನು ಬಸ್ ಡಿಪೋದಲ್ಲಿ 28 ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವನು. ಸದ್ಯಕ್ಕೆ ಸೆಲ್ಫ್ ಬಿಚ್ಚಿಸಬೇಡಿ. ಮೊದಲು ಮೂರು ವಿಷಯ ಹೇಳಿ.

ಹೆಡ್‌ಲೈಟ್ ಹಾಕಿಕೊಂಡು ಕೀ ತಿರುಗಿಸಿದಾಗ ಬೆಳಕು ಪೂರ್ತಿ ಮಂಕಾಗುತ್ತದೆಯಾ, ಹಾಗೇ ಇರುತ್ತದೆಯಾ?

ಜಂಪರ್ ಕೊಟ್ಟ ಎರಡು ದಿನವೂ ಕಪ್ಪು ಕ್ಲಿಪ್ಪನ್ನು ನಿಮ್ಮ ಕಾರಿನಲ್ಲಿ ಎಲ್ಲಿ ಸಿಕ್ಕಿಸಿದ್ದಿರಿ? ಸರಿಯಾಗಿ ನೆನಪು ಮಾಡಿಕೊಂಡು ಹೇಳಿ.

ಕೀ ತುಂಬಾ ಸಲ ತಿರುಗಿಸಿದ ಮೇಲೆ ಸುಟ್ಟ ವಾಸನೆ ಏನಾದರೂ ಬಂದಿತ್ತಾ?

ಮರವಂತೆಯಿಂದ

ಸರ್, ಇಷ್ಟು ಬೇಗ ಉತ್ತರ ಕೊಟ್ಟಿದ್ದಕ್ಕೆ ತುಂಬಾ ಧನ್ಯವಾದ. ಈಗಷ್ಟೇ ಪರೀಕ್ಷೆ ಮಾಡಿ ಬಂದೆ. ಹೆಡ್‌ಲೈಟ್ ಮಂಕಾಗುವುದೇ ಇಲ್ಲ. ಟಕ್ ಟಕ್ ಅನ್ನುವಾಗ ಸ್ವಲ್ಪ ಮಿನುಗುತ್ತದೆ ಅಷ್ಟೇ.

ಜಂಪರ್ ವಿಷಯ ನಮ್ಮ ಯಜಮಾನರನ್ನು ಕೇಳಿದೆ. ಮೊದಲ ದಿನ ಪಕ್ಕದ ಮನೆಯವರೇ ಸಿಕ್ಕಿಸಿದ್ದರು. ಕಪ್ಪು ಕ್ಲಿಪ್ಪು ಇಂಜಿನ್ ಮೇಲಿನ ಒಂದು ಬೋಲ್ಟಿಗೆ ಹಾಕಿದ್ದರಂತೆ. ಮರುದಿನ ನಾವೇ ಸಿಕ್ಕಿಸಿದ್ದು. ಬ್ಯಾಟರಿಯ ಮೈನಸ್ಸಿಗೇ ಹಾಕಿದ್ದೆವು.

ವಾಸನೆ ಬಂದಿತ್ತು ಸರ್! ಪ್ಲಾಸ್ಟಿಕ್ ಸುಟ್ಟ ಹಾಗೆ, ಕಾಲಿನ ಹತ್ತಿರ. ಸೆಲ್ಫ್ ಸುಡುತ್ತಿದೆ ಎಂದು ಗ್ಯಾರೇಜಿನಲ್ಲಿ ಹೇಳಿದ್ದರು.

ಹಾಸನದಿಂದ

ಮೇಡಂ, ನಿಮ್ಮ ಇಂಜಿನ್ನಿನ ಅರ್ತ್, ಅಂದರೆ ಕರೆಂಟು ಬ್ಯಾಟರಿಗೆ ವಾಪಸ್ ಬರುವ ದಾರಿ, ಹೋಗಿದೆ. ನೂರಕ್ಕೆ ತೊಂಬತ್ತೈದು ಪಾಲು ಅದೇ. ಏಕೆ ಎಂದು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಆದರೆ ಇದು ಗೊತ್ತಿಲ್ಲದೆ ಎಷ್ಟೋ ಜನ ಒಳ್ಳೆಯ ಬ್ಯಾಟರಿ, ಒಳ್ಳೆಯ ಸೆಲ್ಫ್ ಎರಡನ್ನೂ ಗುಜರಿಗೆ ಹಾಕಿದ್ದನ್ನು ನೋಡಿದ್ದೇನೆ.

ಬ್ಯಾಟರಿಯ ಮೈನಸ್ಸಿನಿಂದ ಎರಡು ವೈರ್ ಹೊರಡುತ್ತವೆ. ಸಣ್ಣದು ಕಾರಿನ ಬಾಡಿಗೆ ಹೋಗುತ್ತದೆ. ದಪ್ಪನೆಯದು ಇಂಜಿನ್ ಇಲ್ಲವೇ ಗೇರ್‌ಬಾಕ್ಸಿನ ಬೋಲ್ಟಿಗೆ ಹೋಗುತ್ತದೆ. ಲೈಟು, ಹಾರನ್ನು ಎಲ್ಲ ಬಾಡಿ ಅರ್ತಿನಲ್ಲಿ ನಡೆಯುತ್ತವೆ. ಸೆಲ್ಫ್ ಮಾತ್ರ ಇಂಜಿನ್ ಮೈಗೆ ಕೂತಿರುವುದರಿಂದ ಅದರ ಕರೆಂಟು ಆ ದಪ್ಪ ವೈರಿನಲ್ಲೇ ವಾಪಸ್ ಬರಬೇಕು. ಒಂದು ಹೆಡ್‌ಲೈಟ್ ಬಲ್ಬಿಗೆ ಸುಮಾರು 5 ಆಂಪಿಯರ್ ಸಾಕು. ಸೆಲ್ಫ್‌ಗೆ ಸಣ್ಣ ಕಾರಿನಲ್ಲೂ 100 ಆಂಪಿಯರ್ ಆಸುಪಾಸು ಬೇಕು.

ಇಂಜಿನ್ ಮತ್ತು ಗೇರ್‌ಬಾಕ್ಸ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತವೆ. ದಪ್ಪ ವೈರು ಕೆಟ್ಟರೆ ಕರೆಂಟಿಗೆ ಬೇರೆ ನೇರ ದಾರಿ ಇಲ್ಲ. ಆಗ ಅದು ಸಿಕ್ಕಿದ ಲೋಹದಲ್ಲಿ ನುಗ್ಗುತ್ತದೆ. ನಿಮ್ಮ ಕಾರಿನಲ್ಲಿ ಅದು ಕ್ಲಚ್ ಕೇಬಲ್ ಎಂದು ನನಗೆ ಅನ್ನಿಸುತ್ತದೆ. ಕೇಬಲ್ಲಿನ ಒಳಗಿನ ತಂತಿ ಬಿಸಿಯಾಗಿ ಸುತ್ತಲಿನ ಪ್ಲಾಸ್ಟಿಕ್ ಕರಗುತ್ತದೆ. ಅದಕ್ಕೇ ಕಾಲಿನ ಹತ್ತಿರ ವಾಸನೆ, ಅದಕ್ಕೇ ಕ್ಲಚ್ ಗಟ್ಟಿ. ಅದು ಬೇರೆ ಸಮಸ್ಯೆ ಅಲ್ಲ ಮೇಡಂ, ಇದರದ್ದೇ ಬಾಲ.

ಬ್ಯಾಟರಿ ಇಳಿದಿದ್ದರೆ ಹೆಡ್‌ಲೈಟ್ ಕೂಡ ಮಂಕಾಗುತ್ತಿತ್ತು. ನಿಮ್ಮಲ್ಲಿ ಬೆಳಕು ಹಾಗೇ ನಿಂತಿದೆ ಅಂದರೆ ಬ್ಯಾಟರಿಯಲ್ಲಿ ಕರೆಂಟು ಇದೆ, ಸೆಲ್ಫ್‌ಗೆ ತಲುಪುತ್ತಿಲ್ಲ.

ಇನ್ನು ಜಂಪರ್. ಪಕ್ಕದ ಮನೆಯವರು ಕಪ್ಪು ಕ್ಲಿಪ್ಪನ್ನು ಇಂಜಿನ್ ಬೋಲ್ಟಿಗೆ ಹಾಕಿದ್ದು ಸರಿಯಾದ ಕ್ರಮ. ಕೊನೆಯ ಕ್ಲಿಪ್ಪು ಹಾಕುವಾಗ ಕಿಡಿ ಹಾರುತ್ತದೆ, ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತಿರುತ್ತದೆ. ಅದಕ್ಕೇ ದೂರ ಹಾಕಬೇಕು ಎನ್ನುವುದು. ಆದರೆ ಆ ದಿನ ಆ ಕ್ಲಿಪ್ಪು ನಿಮಗೆ ಇನ್ನೊಂದು ಉಪಕಾರ ಮಾಡಿದೆ. ಕೆಟ್ಟ ಅರ್ತನ್ನು ದಾಟಿಸಿ ಸೆಲ್ಫ್‌ಗೆ ಹೊಸ ದಾರಿ ಕೊಟ್ಟಿದೆ. ಮರುದಿನ ಮೈನಸ್ಸಿಗೆ ಹಾಕಿದಾಗ ಆ ದಾರಿ ಸಿಗಲಿಲ್ಲ. ಸೆಲ್ಫ್ ಚೆನ್ನಾಗಿದೆ ಎನ್ನುವುದಕ್ಕೂ ಮೊದಲ ದಿನವೇ ಸಾಕ್ಷಿ.

ಆದರೂ ನನ್ನ ಮಾತು ನಂಬಿ ವೈರ್ ಬದಲಿಸಬೇಡಿ. ಅಳೆದು ನೋಡಿ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಸಾಧಾರಣ ಮಲ್ಟಿಮೀಟರ್ ಸಾಕು. ಡಿಸಿ 20 ವೋಲ್ಟಿಗೆ ಇಡಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಒಬ್ಬರು ಕೀ ತಿರುಗಿಸಿ, ಒಬ್ಬರು ಮೀಟರ್ ನೋಡಿ. ಒಂದು ಸಲಕ್ಕೆ ಮೂರ್ನಾಲ್ಕು ಸೆಕೆಂಡ್ ಸಾಕು, ಜಾಸ್ತಿ ಹೊಡೆಯಬೇಡಿ.

ಮೊದಲು ಬ್ಯಾಟರಿಯ ಎರಡು ಗುಬುಟುಗಳ (ಟರ್ಮಿನಲ್) ನಡುವೆ ಅಳೆಯಿರಿ, ಸುಮ್ನೆ ಇದ್ದಾಗ ಒಮ್ಮೆ, ಕೀ ತಿರುಗಿಸಿದಾಗ ಒಮ್ಮೆ. ಆಮೇಲೆ ಮೀಟರಿನ ಕಪ್ಪು ಕಡ್ಡಿಯನ್ನು ಮೈನಸ್ ಗುಬುಟಿನ ಸೀಸದ ಮೇಲೇ ಇಡಿ, ಕ್ಲಾಂಪಿನ ಮೇಲೆ ಬೇಡ. ಕೆಂಪು ಕಡ್ಡಿಯನ್ನು ಇಂಜಿನ್ನಿನ ತುಕ್ಕಿಲ್ಲದ ಬೋಲ್ಟಿಗೆ ಒತ್ತಿ ಹಿಡಿದು ಕೀ ತಿರುಗಿಸಿ. ಕೊನೆಗೆ ಕೆಂಪು ಕಡ್ಡಿಯನ್ನು ಬಾಡಿಯ ಬರಿ ಲೋಹಕ್ಕೆ ಹಿಡಿದು ನೋಡಿ. ಅರ್ತ್ ಸರಿ ಇದ್ದರೆ ಇಂಜಿನ್ನಿಗೂ ಮೈನಸ್ಸಿಗೂ ನಡುವೆ 0.2 ವೋಲ್ಟಿನೊಳಗೆ ಬರಬೇಕು.

ಉತ್ತರ: ದಾವಣಗೆರೆಯಿಂದ

ಸರ್, ಒಂದು ಅನುಮಾನ. ಮೀಟರಿನಲ್ಲಿ ಬೀಪ್ ಇಟ್ಟು ವೈರಿನ ಎರಡು ತುದಿ ಮುಟ್ಟಿಸಿದರೆ ಗೊತ್ತಾಗುವುದಿಲ್ಲವೇ? ಕೀ ತಿರುಗಿಸುವುದು ಏಕೆ?

ಹಾಸನದಿಂದ

ಒಳ್ಳೆಯ ಪ್ರಶ್ನೆ. ಬೀಪ್ ಮೋಸ ಮಾಡುತ್ತದೆ ಸರ್. ದಪ್ಪ ವೈರಿನಲ್ಲಿ ಒಂದೇ ಒಂದು ಎಳೆ ತಾಮ್ರ ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತದೆ. ಆ ಎಳೆಯಲ್ಲಿ ಸೆಲ್ಫ್ ತಿರುಗುತ್ತದೆಯೇ? ತೋಟಕ್ಕೆ ನೀರು ಬಿಡುವ ಪೈಪ್ ನೋಡಿ. ತುದಿ ಮುಚ್ಚಿದ್ದರೆ ಪೈಪಿನ ತುಂಬ ಒತ್ತಡ ಇದ್ದೇ ಇರುತ್ತದೆ. ನೀರು ಹರಿಯಲು ಬಿಟ್ಟಾಗಲೇ ಎಲ್ಲೋ ಮಡಚಿಕೊಂಡಿದೆ ಎಂದು ಗೊತ್ತಾಗುವುದು. ಕರೆಂಟು ಓಡುವಾಗಲೇ ಅಳೆಯಬೇಕು.

ಪ್ರಶ್ನೆ: ಶಿರಸಿಯಿಂದ

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನನ್ನ ಪೆಟ್ರೋಲ್ ವ್ಯಾಗನ್ ಆರ್ ತದ್ವಿರುದ್ಧ. ಸೆಲ್ಫ್ ಚೆನ್ನಾಗಿ ಹೊಡೆಯುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಒಂದು ವಾರ ಮಳೆಗೆ ಹೊರಗೇ ನಿಂತಿತ್ತು.

ಹಾಸನದಿಂದ

ಇದು ಪೆಟ್ರೋಲು, ಸ್ಪಾರ್ಕಿನ ಕಡೆಯದು. ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡ್ ‘ಗುಂಯ್’ ಎಂಬ ಸದ್ದು ಬರಬೇಕು. ಅದು ಪಂಪ್. ಬರದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ ನೋಡಿ. ಮೀಟರ್ ಬೋರ್ಡಿನಲ್ಲಿ ಕೀ ಗುರುತಿನ ದೀಪ ಮಿನುಗುತ್ತಿದ್ದರೆ ಕಾರು ಕೀಯನ್ನು ಗುರುತಿಸುತ್ತಿಲ್ಲ ಎಂದು, ಇನ್ನೊಂದು ಕೀ ಹಾಕಿ ನೋಡಿ. ನಿಮ್ಮದು ಮಲೆನಾಡು, ಕಾರು ಒಂದು ವಾರ ಅಲುಗಾಡಿಲ್ಲ. ಟಾರ್ಚ್ ಹಿಡಿದು ಬಾನೆಟ್ ಒಳಗೆ ವೈರುಗಳನ್ನು ಒಂದೊಂದಾಗಿ ನೋಡಿ. ಇಲಿ ಕಡಿದಿರುವುದು ಬಹಳ.

ಶಿರಸಿಯಿಂದ

ಪಂಪ್ ಸದ್ದು ಬರುತ್ತಿದೆ ಸರ್. ಟಾರ್ಚ್ ಹಿಡಿದು ನೋಡಿದರೆ ಸ್ಪಾರ್ಕ್ ಕೊಡುವ ಕಾಯಿಲ್‌ಗೆ ಹೋಗುವ ವೈರನ್ನೇ ಇಲಿ ಕಡಿದು ಹಾಕಿದೆ. ಪಕ್ಕದಲ್ಲೇ ಒಣ ಹುಲ್ಲಿನ ಗೂಡು. ನಾಳೆ ಎಲೆಕ್ಟ್ರಿಷಿಯನ್ನನ್ನು ಕರೆಸುತ್ತೇನೆ.

ಮರವಂತೆಯಿಂದ

ಸರ್, ಮೀಟರ್ ತಂದು ಅಳೆದೆವು. ಯಜಮಾನರು ಮೀಟರ್ ಹಿಡಿದರು, ನಾನು ಕೀ ತಿರುಗಿಸಿದೆ. ಬ್ಯಾಟರಿ ಸುಮ್ನೆ ಇದ್ದಾಗ 12.58. ಕೀ ತಿರುಗಿಸಿದಾಗ 12.2. ಇಂಜಿನ್ ಬೋಲ್ಟಿಗೆ ಹಿಡಿದಾಗ 5ಕ್ಕೂ 9ಕ್ಕೂ ನಡುವೆ ಕುಣಿಯುತ್ತದೆ! ಬಾಡಿಗೆ ಹಿಡಿದಾಗ 0.4. ಮೂರು ಸಲ ನೋಡಿದೆವು, ಹೀಗೇ ಬಂತು.

ಹಾಸನದಿಂದ

ಅಲ್ಲಿಗೆ ಮುಗಿಯಿತು ಮೇಡಂ. 0.2 ಇರಬೇಕಾದ ಕಡೆ 9 ವೋಲ್ಟಿನವರೆಗೂ ಹೋಗುತ್ತಿದೆ. ಸೆಲ್ಫ್‌ಗೆ ಸಿಗಬೇಕಾದ ವೋಲ್ಟೆಲ್ಲ ಆ ಕೆಟ್ಟ ಜಾಯಿಂಟಿನಲ್ಲೇ ಬಿದ್ದುಹೋಗುತ್ತಿದೆ. ಸೆಲ್ಫ್ ಮೇಲಿನ ಸೊಲೆನಾಯ್ಡ್ (ಅಯಸ್ಕಾಂತದ ಸ್ವಿಚ್ಚು) ಹಿಡಿಯುತ್ತದೆ, ವೋಲ್ಟ್ ಬೀಳುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಟಕ್ ಟಕ್ ಸದ್ದು ಅದೇ.

ಮೈನಸ್ ಕ್ಲಾಂಪಿನಿಂದ ಶುರುಮಾಡಿ ದಪ್ಪ ವೈರಿನ ಜಾಡು ಹಿಡಿದು ಕೆಳಗೆ ಹೋಗಿ. ತುದಿಯ ಲಗ್ (ಬೋಲ್ಟಿಗೆ ಕೂರುವ ಲೋಹದ ಬಳೆ) ಹತ್ತಿರ ವೈರನ್ನು ಬಗ್ಗಿಸಿ ನೋಡಿ. ನೀವು ಸಮುದ್ರದ ಪಕ್ಕ ಇರುವವರು. ಉಪ್ಪುಗಾಳಿ ರಬ್ಬರಿನ ಒಳಗೂ ನುಗ್ಗಿ ತಾಮ್ರವನ್ನು ತಿನ್ನುತ್ತದೆ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಹಸಿರು ಕಿಲುಬು ತುಂಬಿರುತ್ತದೆ.

ಬಿಚ್ಚುವಾಗ ಮೈನಸ್ ಮೊದಲು, ಕೂರಿಸುವಾಗ ಮೈನಸ್ ಕೊನೆಗೆ. ಕೈಯಲ್ಲಿ ಉಂಗುರ, ಬಳೆ ಇದ್ದರೆ ತೆಗೆದಿಡಿ. ಪ್ಲಸ್ಸಿಗೂ ಬಾಡಿಗೂ ಸ್ಪ್ಯಾನರ್ ತಾಗಿದರೆ ಕ್ಷಣದಲ್ಲಿ ಕೈ ಸುಡುತ್ತದೆ.

ಮರವಂತೆಯಿಂದ

ಸರ್, ಸಿಕ್ಕಿತು! ಗೇರ್‌ಬಾಕ್ಸಿನ ತುದಿಯಲ್ಲಿ ವೈರ್ ಬಗ್ಗಿಸಿದ ಕೂಡಲೇ ಹಸಿರು ಪುಡಿ ಉದುರಿತು. ರಬ್ಬರ್ ಕೊಯ್ದು ನೋಡಿದರೆ ಆರೇಳು ಎಳೆ ಮಾತ್ರ ಉಳಿದಿದ್ದವು. ಹಾಗಾದರೆ ಹೊಸ ಬ್ಯಾಟರಿ ಹಾಕಿದಾಗ ಮೂರು ವಾರ ಸರಿ ಇದ್ದದ್ದು ಹೇಗೆ?

ಹಾಸನದಿಂದ

ಬ್ಯಾಟರಿ ಬದಲಿಸುವಾಗ ಆ ವೈರನ್ನು ಎಳೆದಾಡಿರುತ್ತಾರೆ. ಕಿಲುಬಿನ ನಡುವೆ ಎಳೆಗಳು ಮತ್ತೆ ತಾಗಿಕೊಂಡಿವೆ. ಆಮೇಲೆ ಮಳೆ, ಅದುರುವಿಕೆ, ಮತ್ತೆ ಬಿಟ್ಟಿವೆ. ಇನ್ನೊಂದು ಮಾತು. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕೂಡ ಇಂಜಿನ್ ಮೇಲೆಯೇ ಇದೆ. ಚಾರ್ಜಿಂಗಿಗೂ ಇದೇ ವೈರ್ ಬೇಕು. ಹಳೆಯ ಬ್ಯಾಟರಿ ಅರೆಹೊಟ್ಟೆಯಲ್ಲೇ ಇದ್ದಿರಬಹುದು. ಅದನ್ನು ಕೊಟ್ಟುಬಿಟ್ಟಿದ್ದೀರಾ? ಮನೆಯಲ್ಲಿದ್ದರೆ ಒಮ್ಮೆ ಪೂರ್ತಿ ಚಾರ್ಜ್ ಮಾಡಿಸಿ ನೋಡಿ.

ಹೊಸ ವೈರ್ ಅಷ್ಟೇ ದಪ್ಪ ಇರಲಿ, ಪೂರ್ತಿ ತಾಮ್ರದ್ದಾಗಿರಲಿ. ಲಗ್ಗನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸುವವರಿದ್ದಾರೆ, ಒಪ್ಪಬೇಡಿ. ಪ್ರೆಸ್ ಮಾಡಿಸಿ. ಬೋಲ್ಟ್ ಕೂರುವ ಜಾಗವನ್ನು ಪಾಲಿಶ್ ಪೇಪರಿನಲ್ಲಿ ಬೆಳ್ಳಗಾಗುವವರೆಗೆ ಉಜ್ಜಿ. ಬಿಗಿ ಮಾಡಿದ ಮೇಲೆ ಹೊರಗಡೆ ವ್ಯಾಸಲೀನ್ ಹಚ್ಚಿ. ಬ್ಯಾಟರಿ ಗುಬುಟಿಗೂ ಹಾಗೇ.

ಮರವಂತೆಯಿಂದ

ಹಳೆಯ ಬ್ಯಾಟರಿ ಎಕ್ಸ್‌ಚೇಂಜಿಗೆ ಹೋಗಿಬಿಟ್ಟಿದೆ ಸರ್.

ಇವತ್ತು ಕುಂದಾಪುರದಲ್ಲಿ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ವೈರ್ ಮಾಡಿಸಿದೆವು. ಲಗ್ ಪ್ರೆಸ್ ಮಾಡಿಸಿ ಅಂದಾಗ ಅವರಿಗೆ ಖುಷಿ ಆಯಿತು. ಕೂಲಿ ಸೇರಿ 450 ರೂಪಾಯಿ. ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್! ಅಮ್ಮ ಹೊರಗೆ ಬಂದು ನೋಡಿದರು.

ನೀವು ಹೇಳಿದ ಹಾಗೆ ಮತ್ತೆ ಅಳೆದೆವು. ಸೆಲ್ಫ್ ಹೊಡೆಯುವಾಗ ಬ್ಯಾಟರಿ 10.7, ಇಂಜಿನ್ನಿಗೂ ಮೈನಸ್ಸಿಗೂ 0.12. ಓಡುತ್ತಿರುವಾಗ ಬ್ಯಾಟರಿಯಲ್ಲಿ 14.2. ಇದು ಸರಿ ಅಲ್ವಾ?

ಹಾಸನದಿಂದ

ಎಲ್ಲ ಸರಿ ಇದೆ. ಸೆಲ್ಫ್ ಹೊಡೆಯುವಾಗ 10ರ ಮೇಲೆ ನಿಂತರೆ ಬ್ಯಾಟರಿಗೆ ಶಕ್ತಿ ಇದೆ ಎಂದು. ಓಡುವಾಗ 13.8ರಿಂದ 14.5ರ ನಡುವೆ ಇದ್ದರೆ ಚಾರ್ಜಿಂಗ್ ಸರಿ.

ಒಂದು ಕೆಲಸ ಬಾಕಿ ಇದೆ. ಕ್ಲಚ್ ಕೇಬಲ್ ಬದಲಿಸಿಬಿಡಿ. ಒಳಗೆ ಪ್ಲಾಸ್ಟಿಕ್ ಕರಗಿದ ಕೇಬಲ್ ಯಾವಾಗ ತುಂಡಾಗುತ್ತದೆ ಎಂದು ಹೇಳಲಾಗದು. ಗುರುವಾರದ ಒಳಗೆ ಮಾಡಿಸಿ ಮೇಡಂ.

ಮರವಂತೆಯಿಂದ

ಬುಧವಾರ ಹಾಕಿಸಿದೆವು ಸರ್. ಹಳೆಯ ಕೇಬಲ್ ಒಂದು ಕಡೆ ಕಪ್ಪಾಗಿ ಅಂಟಿಕೊಂಡಿತ್ತು. ಕ್ಲಚ್ ಈಗ ಬೆಣ್ಣೆಯ ಹಾಗಿದೆ. ನಿನ್ನೆ ಮಣಿಪಾಲಕ್ಕೆ ಹೋಗಿ ಬಂದೆವು. ದಾರಿಯಲ್ಲಿ ಸಾಲಿಗ್ರಾಮದಲ್ಲಿ ಚಹಾಕ್ಕೆ ನಿಲ್ಲಿಸಿದೆವು, ಈ ಸಲ ಇಂಜಿನ್ ಆಫ್ ಮಾಡಿಯೇ.