ಜಯಲಕ್ಷ್ಮಿ ವಿಲಾಸದ ಕಂಬಗಳು ಯಾಕೆ ಜೋಡಿ ಜೋಡಿ?

ಕೆರೆಏರಿ_ವಾಕಿಂಗ್:
ಮೈಸೂರಿನವರು ಯಾರಾದ್ರೂ ಹೇಳಿ. ದಿನಾ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯೋನು ನಾನು. ಭಾನುವಾರ ಮಗಳನ್ನ ಮಾನಸಗಂಗೋತ್ರಿಗೆ ಕರ್ಕೊಂಡು ಹೋಗಿ ಜಯಲಕ್ಷ್ಮಿ ವಿಲಾಸ ಮ್ಯಾನ್ಷನ್ ತೋರಿಸ್ದೆ. "ಒಂದು ಕಂಬ ಸಾಲದಾ ಅಪ್ಪ, ಎರಡೆರಡು ಯಾಕೆ ನಿಲ್ಸಿದಾರೆ?" ಅಂದ್ಲು. ಐಸ್‌ಕ್ರೀಮ್ ಕೊಡ್ಸಿ ಮಾತು ಮರೆಸ್ದೆ. ಮತ್ತೆ, ಅದೆಲ್ಲ ಕಲ್ಲೇನಾ?

ಗಾರೆ_ಮೇಸ್ತ್ರಿ_ಮಗ:
ಒಳ್ಳೇ ಪ್ರಶ್ನೆ ಕೇಳಿದಾಳೆ ಸಾರ್ ಮಗು. ನಮ್ಮಪ್ಪ ನಲವತ್ತು ವರ್ಷ ಗಾರೆ ಕೆಲಸ ಮಾಡಿದವರು, ನಾನು ಅವರ ಹಿಂದೆ ಬಾಂಡ್ಲಿ ಹೊತ್ತೋನು. ಆ ಕಾಲದ ದೊಡ್ಡ ಬಂಗಲೆಗಳಲ್ಲಿ ಕಲ್ಲಿನ ಥರ ಕಾಣೋದೆಲ್ಲ ಕಲ್ಲಲ್ಲ. ಒಳಗೆ ಇಟ್ಟಿಗೆ, ಮೇಲೆ ಸುಣ್ಣದ ಗಾರೆ, ನುಣುಪಾಗಿ ತೀಡಿದ್ದು.

ಜೋಡಿ ಯಾಕೆ ಅಂದ್ರೆ, ಒಂದೊಂದೇ ಕಂಬ ಸಮ ಅಂತರದಲ್ಲಿ ನಿಲ್ಸಿದ್ರೆ ಬೇಲಿ ಗೂಟ ಕಂಡಂಗೆ ಆಗುತ್ತೆ. ಎರಡು ಸೇರ್ಸಿದ್ರೆ ಕಣ್ಣಿಗೆ ಭಾರ ಬರುತ್ತೆ, ಎರಡು ಜೋಡಿ ನಡುವೆ ಬಾಗಿಲಿಗೆ ಅಗಲವಾದ ಜಾಗ ಸಿಗುತ್ತೆ. ಯುರೋಪಿನ ಅರಮನೆಗಳ ಪದ್ಧತಿ ಅದು. ಮುಂದಿನ ಸಲ ಕಂಬದ ತಲೆ ನೋಡಕ್ಕೆ ಹೇಳಿ. ಟಗರಿನ ಕೊಂಬಿನಂಗೆ ಸುತ್ತಿಕೊಂಡಿದ್ರೆ ಅಯೋನಿಕ್, ಎಲೆಗಳ ಗೊಂಚಲಿದ್ರೆ ಕೊರಿಂಥಿಯನ್. ಎರಡೂ ಅಲ್ಲಿವೆ. ಹಾಗೇ ಕತ್ತೆತ್ತಿ ತ್ರಿಕೋನದ ಮುಖಭಾಗ ನೋಡಿ. ಗ್ರೀಕರು ಅವರ ದೇವರನ್ನ ಕೂರಿಸ್ತಿದ್ದ ಜಾಗದಲ್ಲಿ ನಮ್ಮವರು ಗಜಲಕ್ಷ್ಮಿ ಕೂರಿಸಿದಾರೆ! ಮನೆಯೊಡತಿ ಹೆಸರೂ ಲಕ್ಷ್ಮಿನೇ ಅಲ್ವಾ. ನನಗೆ ಇಡೀ ಕಟ್ಟಡದಲ್ಲಿ ಅದೇ ಇಷ್ಟ.

ಹಳೇ_ಗಂಗೋತ್ರಿ:
ಮೇಸ್ತ್ರಿ ಮಗ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಆ ಒಡತಿ ಜಯಲಕ್ಷ್ಮಮ್ಮಣ್ಣಿ, ನಾಲ್ವಡಿಯವರ ಅಕ್ಕ. 1897ರಲ್ಲಿ ಹಳೇ ಮರದ ಅರಮನೆ ಸುಟ್ಟುಹೋಗಿದ್ದು ಇವರ ಮದುವೆ ಸಮಯದಲ್ಲೇ. ಇವರ ಈ ಮನೆ 1905ರದ್ದು, ಹೊಸ ಅರಮನೆ ಮುಗಿದದ್ದು 1912ಕ್ಕೆ. ಪತಿ ಕಾಂತರಾಜ ಅರಸರು ಮುಂದೆ ಮೈಸೂರಿನ ದಿವಾನರಾದರು.

ಹೊರಗಡೆ ಅಷ್ಟೆಲ್ಲ ಗ್ರೀಸು, ರೋಮು. ಒಳಗೆ ಹೋದ್ರೆ ಕೆತ್ತನೆ ಕಂಬಗಳ ಕಲ್ಯಾಣ ಮಂಟಪ! 1968ರಲ್ಲಿ ಇಲ್ಲಿ ಜಾನಪದ ವಸ್ತುಸಂಗ್ರಹಾಲಯ ಶುರುವಾಯ್ತು. ಎಂ.ಎ. ಓದುವಾಗ ನಾನು ತೊಗಲುಗೊಂಬೆ ನೋಡಕ್ಕೆ ಅಂತ ಹೋಗಿ ಚಾವಣಿ ನೋಡ್ತಾ ನಿಂತುಬಿಡ್ತಿದ್ದೆ.

ಕೆರೆಏರಿ_ವಾಕಿಂಗ್:
ಮಗಳಿಗೆ ಓದಿ ಹೇಳ್ದೆ. "ಟಗರಿನ ಕೊಂಬು" ಅಂತ ಈಗ ಬ್ಯಾಂಕು, ಛತ್ರ, ಎಲ್ಲಾದ್ರ ಮುಂದೆನೂ ನಿಲ್ತಾಳೆ. ಮೇಸ್ತ್ರಿಗಳೇ, ನಮ್ಮ ತಾತನ ಮನೇದೂ ಗಾರೆ ಗೋಡೆ. ಹೋದ ವರ್ಷ ಸಿಮೆಂಟ್ ಮೆತ್ತಿಸ್ದೆ, ಈಗ ಬುಡದಲ್ಲಿ ಉಬ್ಬಿ ಉದುರ್ತಿದೆ.

ಗಾರೆ_ಮೇಸ್ತ್ರಿ_ಮಗ:
ಅಯ್ಯೋ, ಯಾಕ್ ಸಾರ್ ಮೆತ್ತಿಸಿದ್ರಿ? ಸುಣ್ಣದ ಗೋಡೆ ನೀರು ಕುಡಿಯುತ್ತೆ, ಬಿಸಿಲಲ್ಲಿ ಬಿಡುತ್ತೆ. ಸಿಮೆಂಟ್ ಬಳಿದ್ರೆ ಬಿಡೋ ದಾರಿ ಮುಚ್ಚೋಗುತ್ತೆ, ತೇವ ಒಳಗೇ ಕೂತು ಇಟ್ಟಿಗೆ ತಿನ್ನುತ್ತೆ. ಉಬ್ಬಿರೋದನ್ನ ಮೆಲ್ಲಗೆ ಕೆತ್ತಿ ತೆಗೆಸಿ, ಜೋರಾಗಿ ಹೊಡೆಸ್ಬೇಡಿ. ಒಂದು ಬೇಸಿಗೆ ಗೋಡೆ ಒಣಗಲಿ. ಆಮೇಲೆ ಸುಣ್ಣದ್ದೇ ಗಾರೆ. ಅದಕ್ಕೂ ಮೊದಲು ಚಾವಣಿ ನೀರು ಎಲ್ಲಿ ಬೀಳ್ತಿದೆ ನೋಡಿ, ಬುಡಕ್ಕೇ ಬೀಳ್ತಿದ್ರೆ ಯಾವ ಗಾರೆನೂ ನಿಲ್ಲಲ್ಲ. ಫೋಟೊ ಹಾಕಿ.