ಹೆಸರು ಕಣ್ಣಿಗೆ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ (ಆಂಡ್ರಾಯ್ಡ್ + ಎಸ್‌ಕ್ಯೂಲೈಟ್)

ಡೇರಿಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮೂರ ಹಾಲಿನ ಡೇರಿಗೆ ಒಂದು ಸಣ್ಣ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೇನೆ. ಕಾಸಿಗಲ್ಲ, ನಮ್ಮಪ್ಪ ಅಲ್ಲೇ ಹಾಲು ಹಾಕುವುದು, ಅದಕ್ಕೆ. ಕೌಂಟರ್ ಕಂಪ್ಯೂಟರ್‌ನಲ್ಲಿ ಸಿ ಶಾರ್ಪ್ ಭಾಷೆ (ವಿನ್‌ಫಾರ್ಮ್ಸ್), ಮೊಬೈಲ್‌ಗೆ ಕೋಟ್ಲಿನ್ ಭಾಷೆ. ಎರಡೂ ಕಡೆ ಎಸ್‌ಕ್ಯೂಲೈಟ್ ಡೇಟಾಬೇಸ್, ರಾತ್ರಿ ಒಂದು ಸಲ ಸಿಂಕ್ ಆಗುತ್ತದೆ.

ಸಮಸ್ಯೆ ಏನಪ್ಪಾ ಅಂದರೆ, ಮೊಬೈಲ್‌ನಲ್ಲಿ ಸದಸ್ಯರ ಹೆಸರು ಹುಡುಕಿದರೆ ಕೆಲವು ಸಿಗುತ್ತವೆ, ಕೆಲವು ಸಿಗುವುದೇ ಇಲ್ಲ. ಪಟ್ಟಿಯಲ್ಲಿ 'ಲೋಕೇಶ' ಅಂತ ಕಣ್ಣೆದುರೇ ಇದೆ. ಸರ್ಚ್‌ನಲ್ಲಿ 'ಲೋಕೇಶ' ಅಂತ ಹೊಡೆದರೆ ಖಾಲಿ. 'ರಮೇಶ' ಸಿಗುವುದಿಲ್ಲ, ಆದರೆ 'ನಾಗರಾಜ' ಸಿಗುತ್ತದೆ! ಇದೇ ಲೋಕೇಶ, ರಮೇಶರನ್ನು ಡೆಸ್ಕ್‌ಟಾಪ್‌ನಲ್ಲಿ ಹುಡುಕಿದರೆ ಸಿಗುತ್ತಾರೆ, ಅದಕ್ಕೇ ತಲೆ ಕೆಟ್ಟಿದೆ.

ಹೆಸರು ಸಿಗಲಿಲ್ಲ ಅಂತ ಸಂಜೆ ಹಾಲು ಅಳೆಯುವ ಹುಡುಗ ಲೋಕೇಶಣ್ಣನನ್ನು ಹೊಸ ಸದಸ್ಯ ಮಾಡಿಬಿಟ್ಟಿದ್ದಾನೆ. ಹೆಸರು, ಊರು ಎರಡೂ ಸೇರಿ ಯುನೀಕ್ ಇರಬೇಕು, ಅಂದರೆ ಅದೇ ಜೋಡಿ ಎರಡನೇ ಸಲ ಬರಬಾರದು ಅಂತ ಹಾಕಿದ್ದೆ, ಅದೂ ತಡೆಯಲಿಲ್ಲ. ಬೆಳಗಿನ ಹಾಲು ಒಂದು ಲೋಕೇಶನಿಗೆ, ಸಂಜೆಯದು ಇನ್ನೊಬ್ಬ ಲೋಕೇಶನಿಗೆ. ಬಟವಾಡೆ ದಿನ ಬಂದು ಜಗಳ ಆಡಿದರು, ಅವರದ್ದೇನೂ ತಪ್ಪಿಲ್ಲ ಬಿಡಿ.

ಬೈಟುಕಾಫಿ:
ಫಾಂಟ್ ಸಮಸ್ಯೆ ಇರಬೇಕು ಗುರು. ಆಪ್ ಒಳಗೆ ಒಂದು ಒಳ್ಳೆ ಕನ್ನಡ ಫಾಂಟ್ ಹಾಕಿ ನೋಡು. ಇಲ್ಲ ಅಂದರೆ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕು.

ಡೇರಿಹುಡುಗ:
ಅಕ್ಷರ ಚೆನ್ನಾಗೇ ಕಾಣುತ್ತಿವೆ ಸರ್, ಫಾಂಟ್ ಅಲ್ಲ ಅನ್ನಿಸುತ್ತದೆ. ಅನ್‌ಇನ್‌ಸ್ಟಾಲ್ ಮೂರು ಸಲ ಆಯಿತು.

ಹಳೇಕೀಬೋರ್ಡು:
ಫಾಂಟ್ ಅಲ್ಲವೇ ಅಲ್ಲ. ಒಂದು ಪ್ರಶ್ನೆ: ಸದಸ್ಯರ ಪಟ್ಟಿಯನ್ನು ಮೊದಲು ಯಾರು, ಯಾವುದರಲ್ಲಿ ಟೈಪ್ ಮಾಡಿದ್ದು? ಹಳೇ ನುಡಿ ಅಥವಾ ಬರಹ ಫಾಂಟ್‌ನಲ್ಲಿದ್ದ ಫೈಲನ್ನು ಯೂನಿಕೋಡ್‌ಗೆ (ಒಂದೊಂದು ಅಕ್ಷರ, ಚಿಹ್ನೆಗೂ ಒಂದೊಂದು ನಂಬರ್ ಕೊಡುವ ಪದ್ಧತಿ) ಕನ್ವರ್ಟ್ ಮಾಡಿದ್ದಾ?

ಇನ್ನೊಂದು ಕೆಲಸ ಮಾಡಿ. ಸಿಗದೇ ಇರುವ ಹೆಸರನ್ನು ಡೇಟಾಬೇಸ್‌ನಿಂದ ಓದಿ, ಒಂದೊಂದು ಕ್ಯಾರೆಕ್ಟರ್‌ನ ಕೋಡ್ ನಂಬರ್ ಪ್ರಿಂಟ್ ಮಾಡಿ. ಸರ್ಚ್ ಬಾಕ್ಸ್‌ನಲ್ಲಿ ಹೊಡೆದದ್ದನ್ನೂ ಹಾಗೇ ಮಾಡಿ. ಎರಡನ್ನೂ ಇಲ್ಲಿ ಹಾಕಿ. ಕನ್ನಡ ಸ್ಟ್ರಿಂಗ್ ವಿಷಯದಲ್ಲಿ ಕಣ್ಣನ್ನು ನಂಬಬೇಡಿ, ನಂಬರ್ ನೋಡಿ.

ಡೇರಿಹುಡುಗ:
ಹೌದು ಸರ್! ಮೊದಲಿದ್ದ ಪಟ್ಟಿ ನುಡಿಯಲ್ಲಿತ್ತು, ಇಂಟರ್‌ನೆಟ್‌ನಲ್ಲಿ ಸಿಕ್ಕಿದ ಯಾವುದೋ ಕನ್ವರ್ಟರ್‌ನಲ್ಲಿ ಬದಲಾಯಿಸಿದ್ದೆ.

ಡೇಟಾಬೇಸ್‌ನಲ್ಲಿ ಇರುವುದು: 3250, 3270, 3266, 3285, 3221, 3270, 3285, 3254
ನಾನು ಮೊಬೈಲ್‌ನಲ್ಲಿ ಹೊಡೆದದ್ದು: 3250, 3275, 3221, 3271, 3254

ಒಂದೇ ಹೆಸರು, ಒಂದರಲ್ಲಿ ಎಂಟು ನಂಬರ್, ಇನ್ನೊಂದರಲ್ಲಿ ಐದು. ಇದು ಹೇಗೆ?

ಹಳೇಕೀಬೋರ್ಡು:
ಸಿಕ್ಕಿಬಿತ್ತು ನೋಡಿ. 3250 ಅಂದರೆ ಲ. ಅದರ ಮುಂದಿನ 'ಓ' ಗುಣಿತದ ಚಿಹ್ನೆಗೆ ಯೂನಿಕೋಡ್‌ನಲ್ಲಿ ತನ್ನದೇ ಒಂದು ನಂಬರ್ ಇದೆ, 3275. ಆದರೆ ಅದೇ ಚಿಹ್ನೆಯನ್ನು ತುಂಡು ಮಾಡಿಯೂ ಬರೆಯಬಹುದು: 'ಎ' ಗುಣಿತ 3270, 'ಊ' ಗುಣಿತ 3266, ಕೊನೆಗೆ ದೀರ್ಘದ ಗುರುತು 3285. ಮೂರೂ ಅಕ್ಕಪಕ್ಕ ಕೂತರೆ ಪರದೆಯ ಮೇಲೆ ಅದೇ 'ಲೋ' ಮೂಡುತ್ತದೆ. 'ಕೇ'ದೂ ಇದೇ ಕಥೆ: 3271 ಒಂದೇ ಇರಬಹುದು, 3270 ಮತ್ತು 3285 ಜೋಡಿ ಇರಬಹುದು. ಯೂನಿಕೋಡ್ ಪ್ರಕಾರ ಎರಡೂ ಸಮ, ಎಸ್‌ಕ್ಯೂಲೈಟ್‌ಗೆ ಮಾತ್ರ ಅದು ಗೊತ್ತಿಲ್ಲ, ಅದು ಬೈಟ್‌ಗೆ ಬೈಟ್ ಹೋಲಿಸುತ್ತದೆ. ನಿಮ್ಮ ಯುನೀಕ್ ತಡೆಯದೇ ಇದ್ದದ್ದೂ ಇದಕ್ಕೇ, ಅದರ ಲೆಕ್ಕದಲ್ಲಿ ಇಬ್ಬರೂ ಬೇರೆ ಬೇರೆ ಜನ.

ಹಳೇ ಫಾಂಟ್‌ಗಳಲ್ಲಿ 'ಲೋ' ಅನ್ನುವುದು ನಿಜವಾಗಲೂ ತುಂಡು ತುಂಡು ಚಿತ್ರಗಳ ಜೋಡಣೆ. ಸೋಮಾರಿ ಕನ್ವರ್ಟರ್‌ಗಳು ತುಂಡಿಗೆ ತುಂಡು ಬದಲಾಯಿಸಿ ಕೈ ತೊಳೆದುಕೊಳ್ಳುತ್ತವೆ. 'ನಾಗರಾಜ'ದಲ್ಲಿ ತುಂಡಾಗುವಂಥ ಚಿಹ್ನೆ ಯಾವುದೂ ಇಲ್ಲ, ಅದಕ್ಕೇ ಸಿಕ್ಕಿತು. 'ರಮೇಶ'ದಲ್ಲಿ 'ಮೇ' ಇದೆ, ಸಿಗಲಿಲ್ಲ. ದೀರ್ಘ 'ಈ' ಮತ್ತು 'ಐ' ಗುಣಿತ ಇರುವ ಹೆಸರುಗಳನ್ನೂ ನೋಡಿ, ಅಲ್ಲೂ ಇದೇ ಹಣೆಬರಹ.

ಪರಿಹಾರ ಸುಲಭ. ನಾರ್ಮಲೈಸ್ ಮಾಡಿ, ಎನ್‌ಎಫ್‌ಸಿ ರೂಪಕ್ಕೆ, ಅಂದರೆ ತುಂಡುಗಳನ್ನು ಕೂಡಿಸಿ ಒಂದೇ ನಂಬರ್ ಮಾಡಿದ ರೂಪಕ್ಕೆ. ಸಿ ಶಾರ್ಪ್‌ನಲ್ಲಿ ಸ್ಟ್ರಿಂಗ್‌ಗೇ ನಾರ್ಮಲೈಸ್ ಅನ್ನುವ ಮೆಥಡ್ ಇದೆ, ಏನೂ ಕೊಡದೆ ಕರೆದರೆ ಎನ್‌ಎಫ್‌ಸಿಯೇ ಬರುತ್ತದೆ. ಕೋಟ್ಲಿನ್‌ನಲ್ಲಿ ಜಾವಾದ ನಾರ್ಮಲೈಜರ್ ಕ್ಲಾಸ್ ಬಳಸಿ. ಸೇವ್ ಮಾಡುವಾಗಲೂ ಮಾಡಬೇಕು, ಹುಡುಕುವ ಪದಕ್ಕೂ ಮಾಡಬೇಕು. ಒಂದೇ ಕಡೆ ಮಾಡಿ ಇನ್ನೊಂದು ಕಡೆ ಮರೆತರೆ ಮತ್ತೆ ಇಲ್ಲೇ ಬಂದು ಕೂರುತ್ತೀರಿ. ಈಗಿರುವ ಡೇಟಾಗೆ ಒಂದು ಸಲ ಓಡಿಸಿ, ಅದಕ್ಕೂ ಮೊದಲು ಫೈಲ್ ಕಾಪಿ ಇಟ್ಟುಕೊಳ್ಳಿ.

ಮಲೆನಾಡುಕೋಡು:
ಡೆಸ್ಕ್‌ಟಾಪ್‌ನಲ್ಲಿ ಯಾಕೆ ಸಿಗುತ್ತಿತ್ತು ಅಂತ ಯಾರೂ ಹೇಳಲಿಲ್ಲವಲ್ಲ ಮಾರಾಯ್ರೆ. ಅಲ್ಲಿ ಪಟ್ಟಿಯನ್ನೆಲ್ಲ ಮೆಮೊರಿಗೆ ತಂದುಕೊಂಡು ಇಂಡೆಕ್ಸ್‌ಆಫ್‌ನಲ್ಲಿ ಹುಡುಕುತ್ತಿದ್ದೀರಾ? ಸಿ ಶಾರ್ಪ್‌ನಲ್ಲಿ ಸ್ಟ್ರಿಂಗ್ ಕೊಟ್ಟು ಇಂಡೆಕ್ಸ್‌ಆಫ್ ಕರೆದರೆ ಅದು ಭಾಷೆಯ ನಿಯಮ ನೋಡಿ ಹೋಲಿಸುತ್ತದೆ, ಕಂಟೇನ್ಸ್ ಕರೆದರೆ ಬರೀ ನಂಬರ್ ಹೋಲಿಸುತ್ತದೆ. ನಾಳೆ ಯಾರೋ ಬಂದು ಕೋಡ್ ಚೆಂದ ಮಾಡುತ್ತೇನೆ ಅಂತ ಕಂಟೇನ್ಸ್ ಹಾಕಿದರೆ ಅಲ್ಲೂ ಲೋಕೇಶ ಮಾಯ.

ಇನ್ನೊಂದು ಕಾಟ ಇದೆ, ಎನ್‌ಎಫ್‌ಸಿಗೆ ಬಗ್ಗದೇ ಇರುವಂಥದ್ದು. 'ಮಂಜುನಾಥ್' ಥರದ ಹೆಸರಿನ ಕೊನೆಯ ಅರ್ಧಾಕ್ಷರ ಆದ ಮೇಲೆ ಕೆಲವು ಕೀಬೋರ್ಡ್‌ಗಳು ಕಣ್ಣಿಗೆ ಕಾಣದ ಒಂದು ಕ್ಯಾರೆಕ್ಟರ್ ಸೇರಿಸುತ್ತವೆ, ನಂಬರ್ 8204. ಅದರ ಅಣ್ಣ 8205. ಟ್ರಿಮ್ ಮಾಡಿದರೂ ಹೋಗುವುದಿಲ್ಲ, ಸ್ಪೇಸ್ ಅಲ್ಲವಲ್ಲ. ಹಾಗಂತ ಡೇಟಾದಿಂದಲೇ ಕಿತ್ತು ಹಾಕಬೇಡಿ, 'ವಿಜಯ್‌ಕುಮಾರ್' ಅಂತ ಬಿಡಿಸಿ ತೋರಿಸುವುದೇ ಅದು, ತೆಗೆದರೆ ಯಕಾರಕ್ಕೆ ಕ ಒತ್ತು ಬಂದು ಹೆಸರು ವಿಕಾರ ಆಗುತ್ತದೆ. ಟೇಬಲ್‌ನಲ್ಲಿ ಹುಡುಕುವುದಕ್ಕೇ ಅಂತ ಇನ್ನೊಂದು ಕಾಲಂ ಮಾಡಿ, ಅದರಲ್ಲಿ ಮಾತ್ರ ಇವೆರಡನ್ನೂ ತೆಗೆದು ಇಡಿ. ಯುನೀಕ್ ಅನ್ನೂ ಆ ಕಾಲಂ ಮೇಲೇ ಹಾಕಿ. ತೋರಿಸುವುದು ಹಳೇ ಕಾಲಂನಿಂದ.

ಡೇರಿಹುಡುಗ:
ಇಂಡೆಕ್ಸ್‌ಆಫೇ ಇತ್ತು ಸರ್, ಸುಮ್ನೆ ಹಾಕಿದ್ದು, ಅದು ನನ್ನ ಮಾನ ಕಾಪಾಡುತ್ತಿತ್ತು ಅಂತ ಗೊತ್ತಿರಲಿಲ್ಲ.

ನಿನ್ನೆ ರಾತ್ರಿ ಕೂತು ಎಲ್ಲ ಮಾಡಿದೆ. ಹೊಸ ಕಾಲಂ, ಎನ್‌ಎಫ್‌ಸಿ, 8204 ಮತ್ತು 8205 ತೆಗೆದದ್ದು. ಲೋಕೇಶ, ರಮೇಶ, ದೇವೇಗೌಡ ಎಲ್ಲರೂ ಬಂದರು. ಆದರೂ ಒಂದಷ್ಟು ಹೆಸರು ಹಟ ಮಾಡುತ್ತಿವೆ. 'ಗಂಗಮ್ಮ' ಸಿಗುವುದಿಲ್ಲ, 'ಶಂಕರ' ಸಿಗುವುದಿಲ್ಲ. ನಂಬರ್ ಪ್ರಿಂಟ್ ಮಾಡಿದರೆ ಒಂದರಲ್ಲಿ 3202 ಇದೆ, ಇನ್ನೊಂದರಲ್ಲಿ 3302. ಟೈಪೋ ಥರ ಕಾಣುತ್ತದೆ, ಆದರೆ ಪ್ರಿಂಟ್ ಆದದ್ದೇ ಹಾಗೆ.

ಹಳೇಕೀಬೋರ್ಡು:
ಹ್ಹ ಹ್ಹ, ಇದು ಹಳೇ ಶತ್ರು. 3202 ಅಂದರೆ ಅನುಸ್ವಾರ. 3302 ಅಂದರೆ ಕನ್ನಡದ ಸೊನ್ನೆ, ಅಂಕಿ! ಟೈಪ್ ಮಾಡಿದವರು ಸೊನ್ನೆಯ ಹಾಗೆ ಕಾಣುತ್ತದೆ ಅಂತ ಸೊನ್ನೆಯನ್ನೇ ಹಾಕಿದ್ದಾರೆ. ನಾವು ಬಾಯಲ್ಲಿ ಅನುಸ್ವಾರಕ್ಕೂ ಸೊನ್ನೆ ಅಂತಲೇ ಹೇಳುತ್ತೇವೆ ಅಲ್ವಾ, ಅವರದ್ದೇನು ತಪ್ಪು. ಯೂನಿಕೋಡ್‌ಗೆ ಇವೆರಡೂ ಬೇರೆಯೇ, ನಾರ್ಮಲೈಸ್ ಇದನ್ನು ಮುಟ್ಟುವುದಿಲ್ಲ. ನೀವೇ ಬದಲಾಯಿಸಬೇಕು. ಸೊನ್ನೆಯ ಹಿಂದೆ ಕನ್ನಡ ಅಕ್ಷರವೋ ಗುಣಿತದ ಚಿಹ್ನೆಯೋ ಇದ್ದರೆ ಅನುಸ್ವಾರ ಮಾಡಿ, ಅಂಕಿ ಇದ್ದರೆ ಬಿಟ್ಟುಬಿಡಿ. ಎಲ್ಲ ಸೊನ್ನೆಗೂ ಕಣ್ಣುಮುಚ್ಚಿ ರಿಪ್ಲೇಸ್ ಹೊಡೆದರೆ ಕನ್ನಡ ಅಂಕಿಯಲ್ಲಿ ಬರೆದ ಮನೆ ನಂಬರ್ ಎಲ್ಲ ಹಾಳಾಗುತ್ತದೆ. ನಾನು ಒಮ್ಮೆ ಹಾಳು ಮಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಬೈಟುಕಾಫಿ:
ಫಾಂಟ್ ಅಂದಿದ್ದಕ್ಕೆ ಕ್ಷಮೆ ಇರಲಿ. ನನ್ನ ಆಪ್‌ನಲ್ಲೂ ಈಗ ನೋಡಿದೆ, ಗಂಗಮ್ಮ ಇಬ್ಬರಿದ್ದಾರೆ.

ಇದೇ ಚರ್ಚೆಯಲ್ಲಿ ಇನ್ನೊಂದು ಕೇಳಿಬಿಡುತ್ತೇನೆ. ಪಟ್ಟಿ ಅಕಾರಾದಿಯಲ್ಲಿ ಬರಲಿ ಅಂತ ಆರ್ಡರ್ ಬೈ ಹಾಕಿದರೆ 'ಕಾಳಮ್ಮ' ಮೊದಲು ಬಂದು 'ಕಾವೇರಿ' ಆಮೇಲೆ ಬರುತ್ತಿದೆ. ಇದಕ್ಕೂ ನಾರ್ಮಲೈಸ್ ಸಾಕಾ?

ಮಲೆನಾಡುಕೋಡು:
ಸಾಲದು. ವರ್ಣಮಾಲೆಯಲ್ಲಿ ಳ ಹ ಆದ ಮೇಲೆ ಬರುತ್ತದೆ, ಯೂನಿಕೋಡ್ ಟೇಬಲ್‌ನಲ್ಲಿ ಅದನ್ನು ಲ ಪಕ್ಕದಲ್ಲೇ ಕೂರಿಸಿದ್ದಾರೆ. ಆರ್ಡರ್ ಬೈ ನೋಡುವುದು ಆ ಟೇಬಲ್‌ನ ಕ್ರಮ. ಪಟ್ಟಿ ಸಣ್ಣದಿದ್ದರೆ ಹೆಸರುಗಳನ್ನು ಮೆಮೊರಿಗೆ ತಂದು, ಕನ್ನಡ ಲೊಕೇಲ್ (ಯಾವ ಭಾಷೆ ಅನ್ನುವ ಸೂಚನೆ) ಕೊಟ್ಟು ಕೊಲೇಟರ್‌ನಿಂದ (ಭಾಷೆಯ ಅಕಾರಾದಿ ನೋಡಿ ಹೋಲಿಸುವ ಕ್ಲಾಸ್) ಜೋಡಿಸಿ. ಕೊಲೇಟರ್‌ಗೆ ಲೊಕೇಲ್ ಕೊಡುವುದು ಮರೆಯಬೇಡಿ, ಇಲ್ಲದಿದ್ದರೆ ಬಳಸುವವರ ಫೋನ್ ಯಾವ ಭಾಷೆಯಲ್ಲಿದೆಯೋ ಅದನ್ನೇ ಹಿಡಿದುಕೊಳ್ಳುತ್ತದೆ.

ಡೇರಿಹುಡುಗ:
ಸೊನ್ನೆಯದ್ದೂ ಆಯಿತು. ಹೊಸ ಕಾಲಂ ಮೇಲೆ ಯುನೀಕ್ ಹಾಕಲು ಹೋದರೆ ಎಸ್‌ಕ್ಯೂಲೈಟ್ ಒಪ್ಪಲಿಲ್ಲ, ಡಬಲ್ ಆದವರು ಲೋಕೇಶಣ್ಣ ಒಬ್ಬರೇ ಅಲ್ಲ, ಒಟ್ಟು ಒಂಬತ್ತು ಜನ. ಎರಡು ಖಾತೆಯ ಹಾಲಿನ ಲೆಕ್ಕವನ್ನೂ ಹಳೇ ಸದಸ್ಯ ಸಂಖ್ಯೆಗೆ ಸೇರಿಸಿ, ಆಮೇಲೆ ಹೊಸದನ್ನು ಅಳಿಸಿದೆ. ಕಾರ್ಯದರ್ಶಿಯವರು ಮಾತ್ರ ನಂಬುತ್ತಿಲ್ಲ, ಮುಂದಿನ ಬಟವಾಡೆ ಮುಗಿಯುವವರೆಗೆ ಪುಸ್ತಕದಲ್ಲೂ ಬರೆಯೋಣ ಅಂದಿದ್ದಾರೆ.